ಮೋಳ್‌ಗೆ ಏನು ಹಾಕೋಣ?

ನಮ್ಮ ನಾಯಿ ಮುಂಗಾಲು ನೆಕ್ಕಲು ಶುರು ಮಾಡಿದ್ದು ಒಂದು ಮಳೆಗಾಲದಲ್ಲಿ. ಹಾಗಾಗಿ ನಾನು ಅದನ್ನು ಮನಸ್ಸಿಗೇ ಹಚ್ಚಿಕೊಳ್ಳಲಿಲ್ಲ. ಕೊಚ್ಚಿಯ ಮಳೆಗಾಲದಲ್ಲಿ ಮನುಷ್ಯರಿಗೇ ಬೆರಳ ಸಂದಿಯಲ್ಲಿ ತುರಿಕೆ ಏಳುತ್ತದೆ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಕಾಲು ಒದ್ದೆಯಾಗಿದೆ, ನೆಕ್ಕುತ್ತಿದೆ, ಮಳೆ ನಿಂತರೆ ಸರಿಹೋಗುತ್ತದೆ ಅಂದುಕೊಂಡೆ. ಮಳೆ ನಿಂತಿತು, ನೆಕ್ಕುವುದು ನಿಲ್ಲಲಿಲ್ಲ. ಬೆಳ್ಳಗಿದ್ದ ಪಾದಗಳ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಆಮೇಲೆ ಕಿವಿಗೆ ಬಂತು. ತಲೆ ಒದರಿದಾಗೆಲ್ಲ ಕಿವಿಗಳು ಫಟಫಟ ಬಡಿದುಕೊಳ್ಳುತ್ತಿದ್ದವು, ಹತ್ತಿರ ಹೋದರೆ ಹಳಸಿದ ಹಿಟ್ಟಿನಂಥ ವಾಸನೆ. ಹೊಟ್ಟೆಯ ಚರ್ಮ ಕೆಂಪೇರಿ ಅಲ್ಲಲ್ಲಿ ಕೂದಲು ಉದುರಿತ್ತು.

ನಾನು ಧಾರವಾಡದ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ. ಹೆಂಡತಿ ಬ್ಯಾಂಕಿನಲ್ಲಿ. ಇಬ್ಬರಿಗೂ ಕೊಚ್ಚಿ ಸಿಕ್ಕಿದ್ದು ಮಗಳು ಇನ್ನೂ ತೊದಲುತ್ತಿದ್ದಾಗ. ಈಗ ಅವಳು ಹನ್ನೆರಡನೇ ಕ್ಲಾಸು. ನಾವಾಡುವ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ನಾಯಿಯನ್ನು ತಂದವಳು ಅವಳೇ. ಗೆಳತಿಯರ ಜೊತೆ ಫೋರ್ಟ್ ಕೊಚ್ಚಿಗೆ ತಿರುಗಾಡಲು ಹೋದವಳು, ಅಲ್ಲಿ ಮೀನು ಮಾರುವ ಕಟ್ಟೆಯ ಕೆಳಗೆ ಮಲಗಿದ್ದ ಪಾದ ಮಾತ್ರ ಬೆಳ್ಳಗಿದ್ದ ಕಂದು ಬಣ್ಣದ ಮರಿಯೊಂದನ್ನು ಎತ್ತಿಕೊಂಡು ದೋಣಿ ಹತ್ತಿ ಬಂದಿದ್ದಳು. ಏನೋ ಇಂಗ್ಲಿಷ್ ಹೆಸರಿಟ್ಟಳು. ಆದರೆ ನಮ್ಮ ಕೆಳಗಿನ ಮನೆಯ ಮುದುಕಿ, ಮನೆಯ ಒಡತಿ, ನಾವೆಲ್ಲ ಅಮ್ಮಚ್ಚಿ ಎಂದು ಕರೆಯುವವರು, ಮೊದಲ ದಿನವೇ ಅದನ್ನು “ಮೋಳೇ, ವಾ” ಎಂದು ಕರೆದರು. ಮಗಳೇ, ಬಾ. ನಾಯಿ ಬಾಲ ಅಲ್ಲಾಡಿಸುತ್ತ ಹೋಯಿತು. ಅಂದಿನಿಂದ ನಮಗೂ ಅದು ಮೋಳ್ ಆಯಿತು, ಅದು ಹೋಗಿ ಅವಳಾದಳು.

ಇಂಥದ್ದರಲ್ಲೇ ಹೆಂಡತಿಗೆ ತಿರುವನಂತಪುರಕ್ಕೆ ವರ್ಗವಾಯಿತು. ರೈಲು ನಿಲ್ದಾಣವಿರುವ ತಂಪಾನೂರಿನಿಂದ ಸ್ವಲ್ಪ ಒಳಗೆ, ಒಂದು ಮನೆಯ ಮೇಲಿನ ಕೋಣೆ ಹಿಡಿದಳು. ಶನಿವಾರ ರೈಲಿನಲ್ಲಿ ಬರುವುದು, ಸೋಮವಾರ ಬೆಳಕು ಹರಿಯುವ ಮೊದಲೇ ಹೋಗುವುದು. ಎರಡನೇ, ನಾಲ್ಕನೇ ಶನಿವಾರ ರಜೆಯಿದ್ದಾಗ ಮಾತ್ರ ಮನೆ ಮನೆಯಂತಿರುತ್ತಿತ್ತು. ಅಡುಗೆ, ಮಗಳ ಟ್ಯೂಷನ್ನು, ನಾಯಿಯ ತುರಿಕೆ ಮೂರೂ ನನ್ನ ಪಾಲಿಗೆ ಬಂದವು. ಮೊದಲೆರಡಕ್ಕೆ ಹೇಗೋ ಹೊಂದಿಕೊಂಡೆ.

ಮೊದಲು ಉಣ್ಣಿ ಇರಬೇಕೆಂದು ಪೌಡರು ಹಾಕಿದೆ. ಬೂಸ್ಟು ಇರಬೇಕೆಂದು ಶಾಂಪೂ ಬದಲಾಯಿಸಿದೆ. ಕಚೇರಿಯಲ್ಲಿ ಒಬ್ಬರು ಬೇವಿನೆಲೆ ಕುದಿಸಿ ತೊಳೆಯಿರಿ ಎಂದರು, ತೊಳೆದೆ. ಇನ್ನೊಬ್ಬರು ತೆಂಗಿನೆಣ್ಣೆ ಎಂದರು. ಎಣ್ಣೆ ಹಚ್ಚಿದ ದಿನ ಮೋಳ್ ಎಣ್ಣೆಯನ್ನೆಲ್ಲ ನೆಕ್ಕಿ ಮುಗಿಸಿ, ಹೊಟ್ಟೆ ಕೆಡಿಸಿಕೊಂಡು, ಸೋಫಾದ ಹಿಂದೆ ಹೋಗಿ ಮಲಗಿದಳು. ಕೊನೆಗೆ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ವಯಸ್ಸಾದ, ಮಿತಭಾಷಿ ಡಾಕ್ಟರು. ಕಿವಿಯೊಳಗೆ ದೀಪ ಹಾಕಿ ನೋಡಿದರು, ಹೊಟ್ಟೆ ಸವರಿದರು.

“ಏನು ಊಟ ಕೊಡುತ್ತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಬೆಳಿಗ್ಗೆ ಅಂಗಡಿಯ ಒಣ ತಿಂಡಿ. ಮಧ್ಯಾಹ್ನ ಮೊಸರನ್ನ. ಸಂಜೆ ಹಾಲಿನಲ್ಲಿ ನೆನೆಸಿದ ಚಪಾತಿ. ನಾವು ಸಸ್ಯಾಹಾರಿಗಳು, ಆದರೆ ಭಾನುವಾರ ಕೆಳಗಿನ ಮನೆಯಿಂದ ಬೇಯಿಸಿದ ಕೋಳಿಯೂ ಬರುತ್ತದೆ. ಯಾವುದಕ್ಕೂ ಕೊರತೆಯಿಲ್ಲ.

“ಆಹಾರದ ಅಲರ್ಜಿ ಇರಬಹುದು,” ಎಂದರು ಅವರು. “ಕೋಳಿ ಇರಬಹುದು, ಹಾಲು ಇರಬಹುದು, ಗೋಧಿಯೂ ಇರಬಹುದು. ಕೋಳಿಯಿಂದ ಶುರು ಮಾಡೋಣ. ಕೋಳಿ ನಿಲ್ಲಿಸಿ.”

“ಆದರೆ ಸರ್, ಇದನ್ನೆಲ್ಲ ಅವಳು ಮೊದಲಿನಿಂದಲೂ ತಿನ್ನುತ್ತಿದ್ದಾಳೆ. ಹೊಸದಾಗಿ ಏನೂ ಕೊಟ್ಟಿಲ್ಲ.”

“ಅಲರ್ಜಿ ಬರುವುದೇ ಹಾಗೆ,” ಎಂದರು. “ತಿಂದು ತಿಂದು ರೂಢಿಯಾದದ್ದರ ಮೇಲೆಯೇ ಮೈ ತಿರುಗಿ ಬೀಳುತ್ತದೆ.”

ಆ ಮಾತು ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಆಗಿ ಬಂದದ್ದು ಆಗದೇ ಹೋಗುವುದು ಹೇಗೆ? ಹೊರಗೆ ಕಾಯುತ್ತಿದ್ದವರು ಹೆಚ್ಚಿದ್ದರು, ನಾನು ಇನ್ನಷ್ಟು ಕೇಳಲಿಲ್ಲ. ಕಿವಿಗೆ ಹನಿ ಔಷಧ ಹಿಡಿದುಕೊಂಡು ಬಂದೆ.

ಕೋಳಿ ನಿಲ್ಲಿಸುವುದೆಂದರೆ ಭಾನುವಾರದ ಬಟ್ಟಲು ನಿಲ್ಲಿಸುವುದು ಎಂದು ನಾನು ತಿಳಿದಿದ್ದೆ. ಮಗಳು ಒಣ ತಿಂಡಿಯ ಚೀಲ ತಿರುಗಿಸಿ ಓದಿದಳು. ಮುಂದೆ ಕೋಳಿಯ ಚಿತ್ರ, ಹಿಂದೆ ಕೋಳಿಯ ಪುಡಿ. ಸರಿ, ಕುರಿಯದ್ದು ತಂದೆವು. ಚೀಲದ ಮೇಲೆ ಹಸಿರು ಗುಡ್ಡ, ಅದರ ಮೇಲೊಂದು ಕುರಿ. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಕುರಿಯಾದ ಮೇಲೆ ಅಕ್ಕಿ, ಅಕ್ಕಿಯಾದ ಮೇಲೆ ಕೋಳಿಯ ಕೊಬ್ಬು. ಅಂಗಡಿಯವನನ್ನು ಕೇಳಿದರೆ, ಧಾನ್ಯವೇ ಇಲ್ಲದ್ದು ತೆಗೆದುಕೊಳ್ಳಿ, ಈಗ ಎಲ್ಲರೂ ಅದನ್ನೇ ಒಯ್ಯುತ್ತಾರೆ ಎಂದ. ಅದರಲ್ಲಿ ಧಾನ್ಯವಿರಲಿಲ್ಲ, ಮೊಟ್ಟೆ ಇತ್ತು. ಮೊಟ್ಟೆ ಅಂದರೆ ಕೋಳಿಯೇ, ಅಲ್ಲವೇ? ನಾನು ಅಂಗಡಿಯಲ್ಲಿ ನಿಂತು ಯೋಚಿಸಿದೆ. ಮಗಳು ಫೋನಿನಲ್ಲಿ ಹುಡುಕಿ ಅಲ್ಲ ಎಂದಳು, ಮತ್ತೆ ಹುಡುಕಿ ಹೌದೂ ಎನ್ನುತ್ತಾರೆ ಎಂದಳು.

ಅಂದು ಸಂಜೆ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಅವೆಲ್ಲಾ ಚೀಲದ ತಿಂಡಿ ಒಗೀರಿ ಅತ್ಲಾಗ,” ಎಂದಳು ಅವಳು. “ಪಾಪ, ಮೈಯೆಲ್ಲಾ ಉರಿಯಾಕ ಹತ್ತೇತಿ ಅದಕ್ಕ. ಎರಡೂ ಹೊತ್ತು ಮೊಸರನ್ನ ಹಾಕ್ರಿ. ಹೊಟ್ಟಿ ತಂಪಾದ್ರ ಮೈನೂ ತಂಪಾಗತೈತಿ.”

ಇದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಮನೆಯಲ್ಲಿ ಜ್ವರಕ್ಕೆ, ಭೇದಿಗೆ, ಪರೀಕ್ಷೆಯ ಹೆದರಿಕೆಗೆ, ಊರಿಂದ ಬಂದ ದಣಿವಿಗೆ ಎಲ್ಲಕ್ಕೂ ಮೊಸರನ್ನವೇ. ಚಪಾತಿ ಬಿಟ್ಟೆ, ಚೀಲ ಬಿಟ್ಟೆ. ಮೆತ್ತಗೆ ಅನ್ನ ಮಾಡಿ, ಹುಳಿಯಿಲ್ಲದ ಗಟ್ಟಿ ಮೊಸರು ಕಲಸಿ, ಬೇಯಿಸಿದ ಕುಂಬಳಕಾಯಿ ಸೇರಿಸಿ ಇಟ್ಟೆ. ಮೋಳ್ ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕಿದಳು. ನನಗೆ ಸಮಾಧಾನವಾಯಿತು. ಇನ್ನು ಇದರಲ್ಲಿ ತಪ್ಪು ಹುಡುಕಲು ಏನಿದೆ?

ಕೆಲವು ವಾರಗಳಲ್ಲಿ ಅವಳ ಮೈ ಮೊದಲಿಗಿಂತ ಕೆಟ್ಟಿತು. ಕಂಕುಳಲ್ಲಿ ಗಾಯವಾಯಿತು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಅವಳ ಉಗುರು ಚರ್ಮ ಕೆರೆಯುವ ಸದ್ದು. ಮಗಳು ಪುಸ್ತಕ ಬಿಟ್ಟು ಬಂದು ಅವಳ ಕಾಲು ಹಿಡಿದು ಕೂತುಬಿಡುತ್ತಿದ್ದಳು. ಕೋಳಿ ಇಲ್ಲ, ಗೋಧಿ ಇಲ್ಲ, ಅಂಗಡಿಯ ಪದಾರ್ಥವಿಲ್ಲ. ಅನ್ನ, ಮೊಸರು. ಹಾಗಾದರೆ ಇದು ಊಟದ್ದಲ್ಲವೇ ಅಲ್ಲ ಎಂದು ತೀರ್ಮಾನಿಸಿದೆ. ತಾರಸಿಯಲ್ಲಿ ನಿಂತರೆ ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣುತ್ತವೆ. ರಸ್ತೆಯಲ್ಲಿ ದಿನವಿಡೀ ಕಂಟೇನರ್ ಲಾರಿಗಳು. ಆ ಧೂಳೇ ಇರಬೇಕು. ಹಿನ್ನೀರಿನ ಗಾಳಿ ಇರಬೇಕು. ನೀರು ಇರಬೇಕು. ದಿನಕ್ಕೊಂದು ಕಾರಣ ಸಿಗುತ್ತಿತ್ತು.

ಮಗಳ ಪರೀಕ್ಷೆ ಹತ್ತಿರ ಬಂತು, ನಮ್ಮ ಕಚೇರಿಯಲ್ಲಿ ತಪಾಸಣೆಯ ಕೆಲಸವೂ ಅದೇ ಹೊತ್ತಿಗೆ ಬಂತು. “ಇಲ್ಲಿ ಕರಕೊಂಡ ಬರ್ರಿ, ನಾ ನೋಡಿಕೋತೀನಿ ಸ್ವಲ್ಪ ದಿನ,” ಎಂದಳು ಹೆಂಡತಿ. ಒಂದು ಭಾನುವಾರ ಮೋಳ್‌ಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಹರಿಪ್ಪಾಡ್ ದಾಟುವವರೆಗೂ ಕೆರೆದುಕೊಂಡಳು, ಆಮೇಲೆ ಕಿಟಕಿಗೆ ಮೂತಿ ಒತ್ತಿ ನಿದ್ದೆ ಹೋದಳು.

ಹೆಂಡತಿಯ ಕೋಣೆಯ ಕೆಳಗೆ ಮನೆಯ ಒಡತಿ ಇದ್ದರು. ನಿವೃತ್ತ ಟೀಚರು, ಒಂಟಿ ಜೀವ. ಹೆಂಡತಿ ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ನಾಯಿಯ ಮೈ ನೋಡಿ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು “ಅಯ್ಯೋ, ಪಾವಂ!” ಎಂದರು. ಅಯ್ಯೋ, ಪಾಪ. ನಾನು ಹೆಂಡತಿಗೆ ಮತ್ತೆ ಮತ್ತೆ ಹೇಳಿ ಬಂದೆ: ಮೊಸರನ್ನ, ಕುಂಬಳಕಾಯಿ, ಬೇರೇನೂ ಬೇಡ.

ದಿನಾ ಫೋನಿನಲ್ಲಿ ಕೇಳುತ್ತಿದ್ದೆ. “ಏನ್ ಹಾಕಿದಿ?”

“ಹಾಕೀನಲ್ರಿ. ಉಂಡ್ಲು, ಮಲಗ್ಯಾಳ.”

“ತುರಿಸಿಕೊಳ್ಳತಾಳೇನು?”

“ಸ್ವಲ್ಪ ಕಡಿಮಿ ಆಗೇತಿ.”

ಸ್ವಲ್ಪ ಸ್ವಲ್ಪವೆಂದೇ ಅದು ಬಹಳ ಕಡಿಮೆಯಾಯಿತು. ವೀಡಿಯೋ ಕರೆಯಲ್ಲಿ ನೋಡಿದರೆ ಹೊಟ್ಟೆಯ ಕೆಂಪು ಇಳಿದಿತ್ತು, ಕಂಕುಳಲ್ಲಿ ಹೊಸ ಕೂದಲು ಮೊಳೆಯುತ್ತಿತ್ತು. ನನಗೆ ಸಂತೋಷವೂ ಆಯಿತು, ಒಳಗೊಳಗೇ ಕಸಿವಿಸಿಯೂ ಆಯಿತು. ಅಲ್ಲಿ ಆಗುವ ವಾಸಿ ಇಲ್ಲೇಕೆ ಆಗಲಿಲ್ಲ? ಅದೇ ಊಟ, ಅದೇ ನಾಯಿ. ಹಾಗಾದರೆ ಊರೇ ಆಗಿಬರುತ್ತಿಲ್ಲ. ಕೊಚ್ಚಿಯೇ ಕಾರಣ.

ಪರೀಕ್ಷೆ ಮುಗಿದ ಮೇಲೆ ಹೆಂಡತಿ, ಮೋಳ್ ಇಬ್ಬರೂ ರಜೆಗೆ ಬಂದರು. ನಾನು ಮೊದಲೇ ಮೊಸರು ಹೆಪ್ಪು ಹಾಕಿಟ್ಟಿದ್ದೆ. ಮಗಳು ನೆಲದ ಮೇಲೆ ಮಲಗಿ ನಾಯಿಯನ್ನು ಎದೆಯ ಮೇಲೆ ಎಳೆದುಕೊಂಡಳು. ವಾರ ಕಳೆಯುವಷ್ಟರಲ್ಲಿ ಮತ್ತೆ ಪಾದ ನೆಕ್ಕುವುದು ಶುರುವಾಯಿತು.

“ನೋಡಿದ್ಯಾ?” ಎಂದೆ ಹೆಂಡತಿಗೆ. “ಊರಿನ ಹವಾನೇ ಆಗವಲ್ದು ಇದಕ್ಕ. ನಿನ್ನ ಕಡೆನೇ ಇರಲಿ.”

ಅವಳು ಏನೋ ಹೇಳಲು ಬಾಯಿ ತೆರೆದವಳು, ಬಗ್ಗಿ ನಾಯಿಯ ತಲೆ ಸವರಿದಳು. ಮಗಳಿಗೆ ಸಿಟ್ಟು ಬಂತು. “ಅದು ಪಟ್ಟಿಲ್ಲ ಪಪ್ಪಾ! ಅವಳ್ ಇವಿಡೆ ನಿನ್ನಾ ಮತಿ,” ಎಂದು ಕೂಗಿದಳು. ಆಗುವುದಿಲ್ಲ, ಅವಳು ಇಲ್ಲೇ ಇದ್ದರೆ ಸಾಕು. ಅಮ್ಮನೂ ಅಲ್ಲೇ, ನಾಯಿಯೂ ಅಲ್ಲೇ, ಹಾಗಾದರೆ ಈ ಮನೆಯಲ್ಲಿ ನಾನು ಯಾರ ಜೊತೆ ಇರಲಿ ಎಂದು ಕೇಳಿದಳು. ನಾನಿದ್ದೇನಲ್ಲ ಎನ್ನಬೇಕೆಂದುಕೊಂಡೆ. ನಾಯಿ ಒಬ್ಬೊಬ್ಬರ ಮುಖವನ್ನೂ ನೋಡಿ, ಮತ್ತೆ ಕಾಲು ನೆಕ್ಕಿಕೊಳ್ಳತೊಡಗಿತು.

ಕೊನೆಗೆ ಹೆಂಡತಿಯೇ ಕರೆದುಕೊಂಡು ಹೋದಳು. ಮತ್ತೆ ಅಲ್ಲಿ ವಾಸಿಯಾಗತೊಡಗಿತು. ಕೊಚ್ಚಿಯ ಮನೆ ಬಿಟ್ಟು ಬೇರೆ ಕಡೆ, ಸಮುದ್ರದಿಂದ ದೂರ, ಲಾರಿಗಳಿಂದ ದೂರ ಮನೆ ಹುಡುಕೋಣವೇ ಎಂಬ ಯೋಚನೆ ನನ್ನ ತಲೆಗೆ ಬಂದದ್ದು ಆಗ. ಒಂದೆರಡು ಮನೆ ನೋಡಿಯೂ ಬಂದೆ. ಅದನ್ನು ಹೆಂಡತಿಯ ಎದುರು ಕೂತು ಮಾತಾಡಬೇಕೆಂದು, ಫೋನು ಕೂಡ ಮಾಡದೆ, ನಾಯಿಯನ್ನು ಬಿಟ್ಟು ಅವಳು ಕೊಚ್ಚಿಗೆ ಬರಲಾಗದ ಒಂದು ರಜೆಯ ಶನಿವಾರ ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಮಗಳು ಅಮ್ಮಚ್ಚಿಯ ಮನೆಯಲ್ಲಿ ಉಳಿದಳು.

ತಂಪಾನೂರಿನಿಂದ ನಡೆದುಕೊಂಡೇ ಹೋದೆ. ಗೇಟು ತೆರೆದು ಪಕ್ಕದ ದಾರಿಯಿಂದ ಹಿತ್ತಲಿಗೆ ಬಂದಾಗ ಹೆಂಡತಿ ಕಾಣಿಸಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು, ನನ್ನ ಕಡೆಗೆ ಬೆನ್ನು. ಮುಂದೆ ಅಲ್ಯೂಮಿನಿಯಂ ಬೋಗುಣಿ. ಬೋಗುಣಿಯಲ್ಲಿ ಬೇಯಿಸಿದ ಮರಗೆಣಸು, ಇಲ್ಲಿನವರು ಕಪ್ಪ ಎನ್ನುವುದು, ಮೆತ್ತಗೆ ಹಿಸುಕಿಟ್ಟದ್ದು. ಅವಳ ಎಡಗೈಯಲ್ಲಿ ಬೆಂದ ಮೀನು. ಬಲಗೈ ಬೆರಳುಗಳಿಂದ ಅದರ ನಡುವಿನ ಮುಳ್ಳನ್ನು ಮೆಲ್ಲಗೆ, ಇಡಿಯಾಗಿ ಎಳೆದು ತೆಗೆಯುತ್ತಿದ್ದಳು. ಪಕ್ಕದಲ್ಲಿ ಮೋಳ್ ಕೂತು ಕಾಯುತ್ತಿದ್ದಳು.

ಇವಳು ರೈಲಿನಲ್ಲಿ ಎದುರಿನವರು ಮೊಟ್ಟೆ ಸುಲಿದರೆ ಜಾಗ ಬದಲಾಯಿಸುವವಳು. ಪೂಜೆಯಾಗದೆ ನೀರು ಕುಡಿಯದವಳು. ನಾನು ತಪ್ಪು ಮನೆಗೆ ಬಂದೆನೇನೋ ಎಂಬಂತೆ ನಿಂತುಬಿಟ್ಟೆ. ನಾಯಿ ನನ್ನನ್ನು ನೋಡಿ ಓಡಿ ಬಂತು, ಆಗ ಅವಳೂ ತಿರುಗಿದಳು. ಮೀನು ಕೈಯಲ್ಲೇ ಇತ್ತು.

“ಯಾಕ ಬಂದ್ರಿ?” ಎಂದಳು. ಆಮೇಲೆ, “ಒಂದ ಮಾತ ಹೇಳಿ ಬರಬಾರದೇನು?”

“ಏನಿದು?”

“ಮೀನ.”

“ಅದು ಕಾಣತೈತಿ. ಮೊಸರನ್ನ ಹಾಕಂತ ಹೇಳಿದ್ದೆನಲ್ಲ?”

ಅವಳು ಮೀನನ್ನು ಬೋಗುಣಿಯಲ್ಲಿಟ್ಟು ಕೈ ತೊಳೆದಳು, ಸಾಬೂನು ಹಚ್ಚಿ ಮತ್ತೊಮ್ಮೆ ತೊಳೆದಳು. ಬಂದು ಕಲ್ಲಿನ ಮೇಲೆ ಕೂತು ಹೇಳಿದಳು. ಬೆಳಿಗ್ಗೆ ಹೋದವಳು ಸಂಜೆ ಕತ್ತಲಾದ ಮೇಲೆ ಬರುವುದು, ಇಲ್ಲಿ ಅವಳು ಹಾಲೇ ತರಿಸುವುದಿಲ್ಲ, ಕರಿ ಚಹಾ ಕುಡಿಯುತ್ತಾಳೆ. ಮಧ್ಯಾಹ್ನ ನಾಯಿಗೆ ಹಾಕುವವರು ಚೇಚಿ. ಅವರ ಮನೆಯಲ್ಲಿ ಕಪ್ಪ, ಮೀನು ಬಿಟ್ಟರೆ ಬೇರೇನಿರುತ್ತದೆ? ಉಪ್ಪು ಖಾರ ಹಾಕುವ ಮೊದಲೇ ಎರಡೂ ಹೊತ್ತಿಗಾಗುವಷ್ಟು ನಾಯಿಯ ಪಾಲು ತೆಗೆದಿಡುತ್ತಿದ್ದರು. ಮೊದಲು ಬೇಡವೆನ್ನಬೇಕೆಂದಿದ್ದಳು. ಅಷ್ಟರಲ್ಲಿ ನಾಯಿ ತುರಿಸಿಕೊಳ್ಳುವುದು ಕಡಿಮೆಯಾಗಿತ್ತು. ಈಗ ಚೇಚಿ ತಂಗಿಯ ಮನೆಗೆ ಹೋಗಿದ್ದಾರೆ. ಪಕ್ಕದ ಮನೆಯವರು ಮೀನು ಸ್ವಚ್ಛ ಮಾಡಿ ಬೇಯಿಸಿ ಕೊಡುತ್ತಾರೆ, ಮುಳ್ಳು ತೆಗೆಯುವುದು ಇವಳ ಕೆಲಸ.

“ನನಗ ಹೇಳಬೇಕಿಲ್ಲೇನು?”

“ಹೆಂಗ ಹೇಳಬೇಕಂತ ಗೊತ್ತಾಗ್ಲಿಲ್ರಿ. ದಿನಾ ಹೇಳೋಣು ಅನ್ಕೋತಿದ್ದೆ. ಮೊದಲನೇ ದಿನ ವಾಂತಿ ಬಂತು ನನಗ. ಈಗ ಅಷ್ಟ ಅನಸೂದಿಲ್ಲ. ಅದೂ ಒಂಥರಾ ಆಗತೈತಿ, ಅನಸೂದಿಲ್ಲಂತ.”

ಅವಳ ಕಣ್ಣು ತುಂಬಿತ್ತು. ನಾನು ಸಿಟ್ಟಾಗಬೇಕೋ, ನಗಬೇಕೋ, ಅವಳ ಕೈ ಹಿಡಿಯಬೇಕೋ ತಿಳಿಯದೆ, ಮಾತಾಡಲು ತಂದಿದ್ದ ಮನೆ ಬದಲಾಯಿಸುವ ವಿಷಯವನ್ನೂ ಮರೆತು, ಬೋಗುಣಿಯನ್ನೆತ್ತಿ ನಾಯಿಯ ಮುಂದೆ ಇಟ್ಟೆ. ಮೋಳ್ ಉಣ್ಣುವುದನ್ನು ಇಬ್ಬರೂ ನೋಡುತ್ತ ಕೂತೆವು.

ಆದರೆ ಗೊಂದಲ ಹೆಚ್ಚೇ ಆಯಿತು. ವಾಸಿ ಮಾಡಿದ್ದು ಮೀನೋ, ಕಪ್ಪವೋ, ಊರೋ? ಇಲ್ಲಿನ ಊಟದಲ್ಲಿ ಇಲ್ಲದ್ದು ಯಾವುದು, ಇದ್ದದ್ದು ಯಾವುದು? ಅಂದೇ ಮಧ್ಯಾಹ್ನ ತಿರುವನಂತಪುರದ ಒಬ್ಬ ಡಾಕ್ಟರಲ್ಲಿಗೆ ಹೋದೆವು. ಹೆಣ್ಣುಮಗಳು, ಮೂವತ್ತರ ಆಸುಪಾಸು. ನಮ್ಮಿಬ್ಬರ ಕಥೆಯನ್ನೂ ತಾಳ್ಮೆಯಿಂದ ಕೇಳಿದರು, ಹೆಂಡತಿ ಮೀನಿನ ಭಾಗ ಹೇಳುವಾಗ ದನಿ ತಗ್ಗಿಸಿದ್ದಕ್ಕೆ ಮಾತ್ರ ಸ್ವಲ್ಪ ನಕ್ಕರು.

“ನೀವು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಹೆಚ್ಚಿಸಿದ್ದೀರಿ,” ಎಂದರು. “ಹಾಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಈಗ ಒಗ್ಗುತ್ತಿರುವುದು ಯಾವುದೋ ಅದೊಂದನ್ನೇ ಇಟ್ಟುಕೊಳ್ಳಿ. ಕಪ್ಪ, ಈ ಮೀನು, ನೀರು. ಎರಡು ತಿಂಗಳಾದರೂ ಬೇರೇನೂ ಬಾಯಿಗೆ ಹೋಗಬಾರದು. ಬಿಸ್ಕತ್ತಿನ ಚೂರೂ ಕೂಡದು. ಆಮೇಲೆ ಹಳೆಯದನ್ನು ಒಂದೊಂದಾಗಿ ಕೊಟ್ಟು ನೋಡೋಣ.”

“ರಕ್ತ ಪರೀಕ್ಷೆ ಇದೆಯಂತಲ್ಲ, ಡಾಕ್ಟರ್?”

“ಇದೆ. ಆಹಾರದ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ. ಜಂತುಹುಳದ ಮಾತ್ರೆ ಯಾವುದು ಕೊಡುತ್ತೀರಿ?”

ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು. ಕೋಳಿಯ ರುಚಿ ಹಾಕಿದ ಮಾತ್ರೆ.

“ಫೋರ್ಟ್ ಕೊಚ್ಚಿಯಲ್ಲಿ ಸಿಕ್ಕ ಮರಿ ಅಂದಿರಲ್ಲ,” ಎಂದರು ಕೊನೆಗೆ. “ಹುಟ್ಟಿದಾಗಿನಿಂದ ಮೀನು ತಿಂದಿರಬಹುದು. ಅಂಥವಕ್ಕೆ ಮೀನು ಮೊದಲ ಆಯ್ಕೆಯಲ್ಲ. ಆದರೆ ಇವಳಿಗೆ ಒಗ್ಗಿದೆ. ಹೇಗೆ ಅಂದರೆ ನನಗೂ ಗೊತ್ತಿಲ್ಲ.” ಬರೀ ಕಪ್ಪ ಮೀನು ಬಹಳ ಕಾಲಕ್ಕೆ ಸಾಲದು ಎಂದು, ಯಾವ ರುಚಿಯೂ ಇಲ್ಲದ ಕ್ಯಾಲ್ಸಿಯಂ, ವಿಟಮಿನ್ನಿನ ಪುಡಿ ಕೊಟ್ಟರು.

ಅವರಿಗೂ ಗೊತ್ತಿಲ್ಲ ಎಂಬುದು ನನಗೆ ಯಾಕೋ ಧೈರ್ಯ ಕೊಟ್ಟಿತು. ಮೋಳ್‌ಳನ್ನು ಕೊಚ್ಚಿಗೆ ಕರೆದುಕೊಂಡು ಬಂದೆ. ಊರು ಕಾರಣವೋ, ಊಟ ಕಾರಣವೋ ತಿಳಿಯಬೇಕಾದರೆ ಇಲ್ಲೇ ಮಾಡಿ ನೋಡಬೇಕು ಎಂದು ಡಾಕ್ಟರೂ ಹೇಳಿದ್ದರು.

ಮೀನಿಗೆ ನಾನು ಅಲ್ಲಿಯವರೆಗೆ ಕೈ ಹಚ್ಚಿದವನಲ್ಲ. ನಮ್ಮ ಕಚೇರಿಯಲ್ಲಿ ಕಾಸರಗೋಡಿನವರೊಬ್ಬರಿದ್ದಾರೆ, ನನ್ನೊಡನೆ ಕನ್ನಡ ಆಡುವ ಒಬ್ಬರೇ ಸಹೋದ್ಯೋಗಿ. ಅವರನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಮಾರುವ ಹೆಂಗಸಿಗೆ ಹೆಂಡತಿ ಕಳಿಸಿದ ಮೀನಿನ ಚಿತ್ರ ತೋರಿಸಿದೆ, ಅವಳು ಬೆಳ್ಳಿಯಂತೆ ಹೊಳೆಯುವ ಸಣ್ಣ ಮೀನು ತೋರಿಸಿ “ಚಾಳ” ಎಂದಳು.

“ಇದು ನಮ್ಮ ಬೂತಾಯಿ ಮಾರಾಯ್ರೆ,” ಎಂದರು ಅವರು. “ಇದಕ್ಕೆ ನೀವು ಹೆದರುವುದೆಂತಕ್ಕೆ? ಕುಕ್ಕರಿನಲ್ಲಿ ಬೇಯಿಸಿದರೆ ಮುಳ್ಳೂ ಹಿಟ್ಟಾಗ್ತದೆ.”

ತಾರಸಿಯಲ್ಲಿ ಹಳೆಯ ಸ್ಟೌ ಇಟ್ಟೆ. ಬೇರೆ ಕುಕ್ಕರು, ಬೇರೆ ಚಾಕು. ಮೊದಲ ಸಲ ಮೀನಿನ ಹೊಟ್ಟೆ ಸೀಳಿದಾಗ ಚಾಕು ಜಾರಿ ಬೆರಳು ಕೊಯ್ದುಕೊಂಡೆ. ಕಪ್ಪದ ಸಿಪ್ಪೆ ಸುಲಿದು, ನೀರು ತುಂಬ ಹಾಕಿ ಕುದಿಸಿ, ಅದರ ವಿಷ ಹೋಗಲು ಆ ನೀರನ್ನು ಚೆಲ್ಲಬೇಕು. ಇದನ್ನು ಅಮ್ಮಚ್ಚಿ ಮೆಟ್ಟಿಲ ಮೇಲೆ ನಿಂತು ನಾಲ್ಕಾರು ಸಲ ಹೇಳಿದರು. ಮೀನಿನ ಕೆಲಸ ಮುಗಿಸಿ ಸ್ನಾನ ಮಾಡಿದರೂ ಮೈಗೆ ವಾಸನೆ ಅಂಟಿಕೊಂಡಂತೆಯೇ ಇರುತ್ತಿತ್ತು. ನನ್ನ ಊಟಕ್ಕೆ ಕೂತಾಗ ಅನ್ನವನ್ನು ಚಮಚದಲ್ಲಿ ತಿನ್ನಲು ಶುರು ಮಾಡಿದೆ.

ನಿಜವಾದ ಕಷ್ಟ ಅಮ್ಮಚ್ಚಿಯದು. ಮೋಳ್ ಮೆಟ್ಟಿಲಿಳಿದರೆ ಅವರ ಸೆರಗಿನ ಮರೆಯಿಂದ ಹಾಲಿನ ಬಿಸ್ಕತ್ತು ಬರುತ್ತಿತ್ತು. ನಾನು ಕೈಮುಗಿದು ಬೇಡವೆಂದೆ.

“ಒರು ಬಿಸ್ಕಟ್ ಅಲ್ಲೇ, ಮೋನೇ! ಎಂತ್ ಪಟ್ಟಾನಾ?” ಎಂದರು. ಒಂದು ಬಿಸ್ಕತ್ತು ಅಷ್ಟೇ ಅಲ್ಲವೇ, ಏನಾದೀತು?

ಏನಾದೀತೆಂದು ನನಗೂ ತಿಳಿದಿರಲಿಲ್ಲ. ನಾಯಿ ಅವರ ಬಾಗಿಲಲ್ಲಿ ಕೂತು ಬರಿಗೈ ನೋಡಿ ಎದ್ದು ಬಂದಾಗ ಅವರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಮಗಳೇ ಒಂದು ದಾರಿ ಮಾಡಿದಳು. ಬೇಯಿಸಿದ ಕಪ್ಪದ ತುಂಡುಗಳನ್ನು ಬಿಸಿಲಲ್ಲಿ ಒಣಗಿಸಿ, ಡಬ್ಬಿಯಲ್ಲಿ ತುಂಬಿ ಅಮ್ಮಚ್ಚಿಗೆ ಕೊಟ್ಟಳು. ಅದನ್ನೇ ಅವರು ಬಿಸ್ಕತ್ತೆಂದು ಕೊಡತೊಡಗಿದರು. ಮೋಳ್‌ಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಅದೇ ಕೊಚ್ಚಿಯಲ್ಲಿ, ಅದೇ ಲಾರಿಗಳ ಧೂಳಿನಲ್ಲಿ ಅವಳು ಗುಣವಾದಳು. ಪಾದದ ತುಕ್ಕು ಬಣ್ಣ ಬೆಳೆದು ಹೋಗಿ ಬಿಳಿ ಬಂತು. ಕಿವಿಯ ವಾಸನೆ ಹೋಯಿತು. ಊರಿನ ತಪ್ಪಲ್ಲ ಎಂದು ಖಾತ್ರಿಯಾಯಿತು. ಇನ್ನು ಕೋಳಿಯೇ, ಅನುಮಾನವಿಲ್ಲ ಎಂದುಕೊಂಡು, ಡಾಕ್ಟರು ಹೇಳಿದಂತೆ ಅಮ್ಮಚ್ಚಿಯಿಂದ ಬೇಯಿಸಿದ ಕೋಳಿಯ ಚೂರು ತರಿಸಿ, ಊಟದ ಜೊತೆ ದಿನವೂ ಕೊಟ್ಟೆ. ಪಾದ ನೋಡಿದೆ, ಕಿವಿ ಮೂಸಿದೆ. ಏನೂ ಆಗಲಿಲ್ಲ. ಎರಡು ವಾರವಾದರೂ ಆಗಲಿಲ್ಲ. ಕೋಳಿ ನಿಲ್ಲಿಸಿ, ಸ್ವಲ್ಪ ದಿನ ಬಿಟ್ಟು ಚಪಾತಿ ಕೊಟ್ಟೆ, ಹಾಲಿಲ್ಲದೆ. ಏನೂ ಆಗಲಿಲ್ಲ. ಮೊಟ್ಟೆ ಕೊಟ್ಟೆ, ಅನ್ನ, ಕುಂಬಳಕಾಯಿ ಕೊಟ್ಟೆ. ಆಗಲೂ ಇಲ್ಲ. ಹಾಗಾದರೆ ಇದು ಅಲರ್ಜಿಯೇ ಅಲ್ಲವೇ? ಇಷ್ಟು ದಿನ ಮೀನು ಕೊಯ್ದದ್ದು ಸುಮ್ಮನೇ? ಡಾಕ್ಟರಿಗೆ ಫೋನು ಮಾಡಿದೆ.

“ಇನ್ನೇನು ಉಳಿದಿದೆ?” ಎಂದು ಕೇಳಿದರು.

“ಏನೂ ಇಲ್ಲ, ಡಾಕ್ಟರ್. ಮೊಸರು ಮಾತ್ರ.”

“ಕೊಡಿ ನೋಡೋಣ.”

ಭಾನುವಾರ ಬೆಳಿಗ್ಗೆ ಕಪ್ಪ ಮೀನಿನ ಮೇಲೆ ಎರಡು ಚಮಚ ಮೊಸರು ಹಾಕಿದೆ. ಹೆಂಡತಿ ಆ ವಾರ ಬಂದಿದ್ದಳು, ಪಕ್ಕದಲ್ಲೇ ನಿಂತಿದ್ದಳು. ಮೋಳ್ ಮೊದಲು ಮೊಸರನ್ನೇ ನೆಕ್ಕಿದಳು. ಸೋಮವಾರವೂ ಹಾಕಿದೆ. ಮಂಗಳವಾರ ನಾನು ಕಚೇರಿಗೆ ಹೊರಡುವ ಹೊತ್ತಿಗೆ ಅವಳು ಬಾಗಿಲ ಬಳಿ ಮಲಗಿ, ಮುಂಗಾಲನ್ನು ಬಾಯಲ್ಲಿಟ್ಟುಕೊಂಡು ಕಚ್ಚುತ್ತಿದ್ದಳು. ಗುರುವಾರಕ್ಕೆ ಕಿವಿ ಕೆಂಪಾಯಿತು. ಫಟಫಟ ಸದ್ದು ಮತ್ತೆ ಬಂತು.

ಸಂಜೆ ಹೆಂಡತಿಗೆ ಫೋನು ಮಾಡಿ ಹೇಳಿದೆ.

“ಮೊಸರೇನು?” ಎಂದಳು.

“ಮೊಸರ.”

“ನಾವಽ ಹಾಕಿದ್ವಲ್ರಿ. ಎರಡೂ ಹೊತ್ತು.”

“ಹೂಂ.”

“ಮೊಸರ ಯಾರಿಗರ ಆಗೂದಿಲ್ಲಂತ ಇರತೈತೇನ್ರಿ?”

ಮಗಳು ಮಾತ್ರ ನಿರಾಳವಾಗಿ, ಇನ್ನು ಅವಳು ಎಲ್ಲಿಗೂ ಹೋಗಬೇಕಿಲ್ಲ ತಾನೇ ಎಂದು ಕೇಳಿ ಖಚಿತ ಮಾಡಿಕೊಂಡು ಒಳಗೆ ಹೋದಳು. ಆ ದಿನ ರಾತ್ರಿ ನಾನೇ ಮೊಸರನ್ನ ಉಣ್ಣುವಾಗ ಮೋಳ್ ಎದುರು ಬಂದು ಕೂತಳು, ಬಟ್ಟಲನ್ನೇ ನೋಡುತ್ತ, ಜೊಲ್ಲು ಸುರಿಸುತ್ತ. ತನಗೆ ಆಗದ್ದು ಯಾವುದೆಂದು ಅವಳಿಗೆ ತಿಳಿದಿರಲಿಲ್ಲ. ಬಟ್ಟಲು ಎತ್ತಿಕೊಂಡು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಉಂಡೆ.

ಈಗ ಹಾಲು, ಮೊಸರು, ತುಪ್ಪ ಅವಳ ಹತ್ತಿರ ಸುಳಿಯುವುದಿಲ್ಲ. ಕಪ್ಪ, ಮೀನು, ಕುಂಬಳಕಾಯಿ, ಆಗಾಗ ಅನ್ನ, ಭಾನುವಾರ ಕೋಳಿ. ಮೈ ಚೆನ್ನಾಗಿದೆ. ಆದರೂ ಈ ಸಲ ಮಳೆ ಶುರುವಾದಾಗ ಪಾದ ಸ್ವಲ್ಪ ನೆಕ್ಕಿದಳು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಯಾರು ಕೊಟ್ಟಿರಿ? ಯಾರೂ ಕೊಟ್ಟಿರಲಿಲ್ಲ. ಅಮ್ಮಚ್ಚಿ ಶಿಲುಬೆ ಮುಟ್ಟಿ ಇಲ್ಲವೆಂದರು. ಡಾಕ್ಟರು, ಹುಲ್ಲು, ತೇವ, ಧೂಳು ಇವುಗಳದ್ದೂ ಸ್ವಲ್ಪ ಇರಬಹುದು, ಎರಡೂ ಕೂಡಿ ಬರುವ ನಾಯಿಗಳು ಬಹಳ ಇವೆ ಎಂದರು. ಅಂದರೆ ನಾನು ಮೊದಲು ಅಂದುಕೊಂಡದ್ದು ಪೂರ್ತಿ ತಪ್ಪಲ್ಲವೋ ಏನೋ. ಹೊರಗಿಂದ ಬಂದಾಗ ಕಾಲು ತೊಳೆದು ಒರೆಸುತ್ತೇವೆ. ಅದರಿಂದಲೋ, ತಾನಾಗಿಯೋ, ಕಡಿಮೆಯಾಯಿತು.

ಕಳೆದ ವಾರ ಮಾರ್ಕೆಟ್ಟಿನಲ್ಲಿ ಚಾಳ ಬಂದಿರಲಿಲ್ಲ. ಮಾರುವ ಹೆಂಗಸು ಬೇರೆ ಮೀನುಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ತೋರಿಸಿ, “ಏದಾ ವೇಂಡೇ, ಸಾರೇ?” ಎಂದಳು. ಯಾವುದು ಬೇಕು? ಅಯಲ ಇತ್ತು, ಕಾಸರಗೋಡಿನವರು ಬಂಗುಡೆ ಎನ್ನುವುದು, ಇನ್ನೆರಡು ನನಗೆ ಹೆಸರೇ ಗೊತ್ತಿಲ್ಲದವು. ಒಂದು ಮೀನು ಒಗ್ಗಿದರೆ ಇನ್ನೊಂದು ಒಗ್ಗುತ್ತದೆಯೇ? ಹಿಂದೆ ಜನ ನೂಕುತ್ತಿದ್ದರು. ಹೆಂಡತಿಗೆ ಫೋನು ಮಾಡಿದೆ, ಬ್ಯಾಂಕಿನ ಗಲಾಟೆಯ ನಡುವೆ ಎತ್ತಿದಳು.

“ಅಯಲ ತಗೋರಿ,” ಎಂದಳು ದನಿ ತಗ್ಗಿಸಿ. “ಕಣ್ಣ ಹೊಳೀತಿರಬೇಕ ನೋಡ್ರಿ. ಒಂದ ಸ್ವಲ್ಪ ಕೊಟ್ಟ ನೋಡೋಣು.”

ಅಯಲದ ಕಣ್ಣು ಹೊಳೆಯುತ್ತಿತ್ತು. ಕಟ್ಟಿಸಿಕೊಂಡು ಬಂದು, ತಾರಸಿಯಲ್ಲಿ ಬೇಯಿಸಿ, ಸ್ವಲ್ಪವೇ ಹಾಕಿದೆ. ಮೋಳ್ ಉಂಡು, ಬಾಯಿ ಒರೆಸಿಕೊಂಡಂತೆ ಚಾಪೆಗೆ ಮೂತಿ ಉಜ್ಜಿ, ಬಿಸಿಲಿಗೆ ಹೋಗಿ ಮಲಗಿದಳು. ನಾನು ಪಕ್ಕದಲ್ಲಿ ಕೂತು ಅವಳ ಪಾದಗಳನ್ನೇ ನೋಡುತ್ತಿದ್ದೆ.